ಒಂದು ಹಸಿರು ಮಣಿ ಕಡಿಮೆ

ಜನವರಿ 9

ಎರಡು ನರಕೋಶ ಮುಗಿದವು. ಮೂರನೆಯದಕ್ಕೆ ಬಾಲ ಬಾಕಿ. ಊದಾ ಉಣ್ಣೆ ಸಾಲದೆ ತುದಿಗೆ ಬೂದಿ ಬಣ್ಣದ್ದು ಸೇರಿಸಿ ಹೆಣೆದೆ. ಅಕ್ಕ ಹಿಡಿದು ನೋಡಿ, ವಯಸ್ಸಾದ ನರ, ಹಾಗೇ ಕಳಿಸು ಎಂದಳು.

ಬೆಳಿಗ್ಗೆ ಕೊರಿಯರ್‌ನವನ ಮುಂದೆ ಮಾನ ಹೋಯಿತು. ಪೊಟ್ಟಣದಲ್ಲಿ ಏನಿದೆ ಎಂಬ ಜಾಗದಲ್ಲಿ 'ರಕ್ತಕಣಗಳು, ಕೆಂಪು' ಎಂದು ಬರೆದುಬಿಟ್ಟಿದ್ದೆ. ಅವನು ಪೊಟ್ಟಣವನ್ನು ಮೈಯಿಂದ ದೂರ ಹಿಡಿದುಕೊಂಡು, ಫ್ರಿಜ್‌ನಲ್ಲಿ ಇಡಬೇಕಾ ಮೇಡಂ ಎಂದು ಕೇಳಿದ. ಅವು ಬಟ್ಟೆಯ ದಿಂಬುಗಳು ಎನ್ನಲು ನನಗೆ ಬಾಯಿ ಬರಲಿಲ್ಲ. ಹೊರಗಿನವರ ಎದುರು ಯಾವಾಗಲೂ ಹೀಗೆ... ವಾಕ್ಯ ತಲೆಯಲ್ಲಿ ಪೂರ್ತಿ ಸಿದ್ಧ, ನಾಲಿಗೆಗೆ ಮಾತ್ರ ಸುದ್ದಿ ಮುಟ್ಟಿರುವುದಿಲ್ಲ. ಅಕ್ಕ ಬಂದು ಹೇಳಿದಳು. ಅವನು ಗೇಟು ದಾಟುವವರೆಗೆ ಹೇಗೋ ತಡೆದುಕೊಂಡು ಆಮೇಲೆ ಗೋಡೆ ಹಿಡಿದು ನಕ್ಕಳು.

ಅಮ್ಮ ನಕ್ಕಳೆಂದು ಅಕ್ಕನ ಮಗಳು ಬಟಾಣಿಯೂ ನಕ್ಕಳು. ಅವಳು ಈಗ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೇಜಿನ ಕೆಳಗೆ ದಿಂಬಿಗೆ ಒರಗಿ ಕೂರುತ್ತಾಳೆ. ಅದು ಅವಳ ಆಫೀಸು. ಕೊರಿಯರ್‌ನವನ ಹಾಳೆಗೆ ಸಹಿ ಹಾಕುವವಳು ಅವಳೇ, ಒಂದು ಸುರುಳಿ ಗೀರು. ಅವನು ಅವಳನ್ನು ಬಾಸ್ ಎಂದು ಕರೆಯುತ್ತಾನೆ.

ಜನವರಿ 14

ಇಂಟರ್ನೆಟ್ಟಿನ ನಮ್ಮ ಅಂಗಡಿಯ ಪುಟಕ್ಕೆ ಮಣಿಯ ಏಣಿಯ ವಿವರಣೆ ಬರೆದುಕೊಡು ಎಂದು ಅಕ್ಕ ಗಂಟುಬಿದ್ದಿದ್ದಳು. ಸಾಹಿತ್ಯದ ಎಂ.ಎ. ಅಷ್ಟಕ್ಕಾದರೂ ಬೇಡವೇ ಎಂದು ಅವಳ ವಾದ. ಬರೆದೆ: 'ನಮ್ಮ ಏಣಿಗಳಿಗೆ ನಾಲ್ಕೇ ಬಣ್ಣ. ಕೆಂಪಿನ ಎದುರು ಸದಾ ನೀಲಿ, ಹಳದಿಯ ಎದುರು ಸದಾ ಹಸಿರು. ನೀವು ಕೇಳಿದ ಜೀನ್‌ನ ಒಂದು ತುಣುಕನ್ನು ಗಾಜಿನ ಮಣಿಗಳಲ್ಲಿ, ಮೆಟ್ಟಿಲು ಮೆಟ್ಟಿಲಾಗಿ, ಕೈಯಿಂದ ಹೆಣೆದು, ತಿರುಚಿ, ಗೇಣುದ್ದದ ಡಿಎನ್‌ಎ ಮಾಡಿಕೊಡುತ್ತೇವೆ. ಒಂದು ಮಣಿಯೂ ತಪ್ಪಿರುವುದಿಲ್ಲ.' ಕೊನೆಯ ವಾಕ್ಯ ನನ್ನದಲ್ಲ. ಅಕ್ಕ ಸೇರಿಸಿದ್ದು.

ಅವಳು ಆಸ್ಪತ್ರೆಯ ಲ್ಯಾಬಿನವಳು. ಹಾಗಾಗಿ ಇಲ್ಲೂ ಲ್ಯಾಬಿನ ಶಿಸ್ತು. ಗಿರಾಕಿ ಬರೆದು ಕಳಿಸಿದ್ದನ್ನು ಹಾಗೇ ಪೋಣಿಸಬಾರದು. ಇಂಟರ್ನೆಟ್ಟಿನ ಮೂಲದ ಜೊತೆ ತಾಳೆ ನೋಡಿಯೇ ತಂತಿ ಮುಟ್ಟಬೇಕು. ತಾಳೆ ನೋಡುವ ಕೆಲಸ ನನ್ನದು. ಅರ್ಥವಾಗದ ಭಾಷೆಯ ಪ್ರೂಫ್ ನೋಡಿದ ಹಾಗೆ. ಜನ ನಕಲು ಮಾಡುವಾಗ ಒಂದು ಬಿಡುತ್ತಾರೆ, ಒಂದು ಎರಡು ಸಲ ಬರೆಯುತ್ತಾರೆ. ಹಿಡಿದಾಗ ಕಳ್ಳನನ್ನೇ ಹಿಡಿದಷ್ಟು ಖುಷಿ. ಅಕ್ಕ ನನಗಿಟ್ಟ ಹೆಸರು ಕೆಂಪು ಪೆನ್ನು. ಹೋಟೆಲಿನಲ್ಲಿ ಊಟ ಬರುವುದರೊಳಗೆ ಮೆನು ಕಾರ್ಡ್ ತಿದ್ದಿ ಮುಗಿಸುತ್ತಾಳೆ ಎಂದು ಎಲ್ಲರ ಮುಂದೆ ಆಡಿಕೊಳ್ಳುತ್ತಾಳೆ.

ಮಧ್ಯಾಹ್ನ ಏಣಿ ಮುಗಿಯುವ ಹೊತ್ತಿಗೆ ಒಂದು ಹಸಿರು ಮಣಿ ಕಡಿಮೆ. ಎಣಿಸಿಯೇ ತಟ್ಟೆಗೆ ಹಾಕಿದ್ದೆ. ಬಗ್ಗಿ ಮೇಜಿನ ಕೆಳಗೆ ನೋಡಿದರೆ ಬಟಾಣಿ ಎರಡೂ ಮುಷ್ಟಿ ಬಿಗಿ ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ.

"ಹಸಿರು ಎಲ್ಲಾ ಬಟಾಣೀದು ಚಿಕ್ಕಿ."

ಅಕ್ಕ ಅಡುಗೆಮನೆಯಿಂದಲೇ, "ಈ ಮನೇಲಿ ಯಾವಾಗ್ಲೂ ಒಂದು ಹಸಿರು ಕಡಿಮೆನೇ ಕಣೇ. ಜಾಸ್ತಿ ತರಿಸು" ಎಂದಳು.

ಕದ್ದ ಮಾಲು ಎಲ್ಲೆಲ್ಲೋ ಇಡುತ್ತಾಳೆ. ನನ್ನ ಚಪ್ಪಲಿಯ ಬೆರಳ ಸಂದಿನಲ್ಲಿ. ಭಾವನ ಪೆನ್ನಿನ ಮುಚ್ಚಳದೊಳಗೆ. ಆಫೀಸಿನಲ್ಲಿ ಸಹಿ ಹಾಕಲು ಮುಚ್ಚಳ ತೆಗೆದರೆ ಮೇಜಿನ ಮೇಲೆ ಟಪ್ ಎಂದು ಮಣಿ ಬಿತ್ತಂತೆ, ಮ್ಯಾನೇಜರ್ ಎದುರಿಗೆ.

ಜನವರಿ 27

ಅಕ್ಕ, ಭಾವ, ಬಟಾಣಿ ಮೂವರೂ ಆಸ್ಪತ್ರೆಗೆ ಹೋಗಿ ಬಂದರು. ದಪ್ಪ ಫೈಲು ಮತ್ತೆ ಬೀರುವಿನ ಮೇಲೆ ಹೋಯಿತು. ಬಟಾಣಿಯ ಮೈಯಲ್ಲಿ ಒಂದು ಕಿಣ್ವ ತಯಾರಾಗುವುದಿಲ್ಲ, ಅದಿಲ್ಲದೆ ಒಂದೊಂದೇ ಸ್ನಾಯು ಸೋಲುತ್ತದೆ. ನನಗೆ ಗೊತ್ತಿರುವುದು ಇಷ್ಟೇ. ಯಾಕೆ ತಯಾರಾಗುವುದಿಲ್ಲ ಎಂದು ನಾನು ಕೇಳಿಲ್ಲ. ಕೇಳದಿದ್ದರೆ ಅದು ಅಷ್ಟರಲ್ಲೇ ನಿಲ್ಲುತ್ತದೆ ಎಂಬಂತೆ.

ಭಾವ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತುವಾಗ ಲಿಫ್ಟ್ ಆಗುತ್ತಾರೆ. ಎಷ್ಟನೇ ಮಹಡಿ ಮೇಡಂ ಎನ್ನುತ್ತಾರೆ. ನಮ್ಮ ಮನೆಗೆ ಇರುವುದು ಒಂದೇ ಮಹಡಿ. ಅವಳು ಹತ್ತು ಎಂದಳು. ಪಾಪ, ಹತ್ತು ಸಲ ಹತ್ತಿ ಇಳಿದರು. ಇಳಿದು ಬಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತರು. ಏದುಸಿರು ಎಂದುಕೊಂಡೆ.

ಏದುಸಿರಲ್ಲ.

ಫೆಬ್ರವರಿ 5

ಆಸ್ಪತ್ರೆಗೆ ಬ್ಯಾಗು ಕಟ್ಟಿದ್ದಾಯಿತು. ಎರಡು ಮೂರು ದಿನ ಇರಬೇಕಾಗಬಹುದು ಎಂದಿದ್ದಾರೆ. ಬಟಾಣಿಗೆ ಮಣಿಯ ಡಬ್ಬಿಯೂ ಜೊತೆಗೆ ಬೇಕು. ಅಕ್ಕ ಬೇಡವೆಂದಳು. ನಾನು ಒಂದು ಹಿಡಿ ಹಸಿರು ಅವಳ ಕೋಟಿನ ಜೇಬಿಗೆ ಸುರಿದೆ, ಅಕ್ಕ ನೋಡದ ಹಾಗೆ. ಬಟಾಣಿ ಜೇಬನ್ನು ಮೇಲಿನಿಂದ ಒತ್ತಿ ಹಿಡಿದುಕೊಂಡು, ಚಿಕ್ಕಿ ನೀನೂ ಬಾ ಎಂದಳು. ನಾಳೆ ಬರ್ತೀನಿ ಎಂದೆ.

ಒಂದು ಏಣಿ ಅರ್ಧಕ್ಕೆ ನಿಂತಿದೆ. ಬೆಳಿಗ್ಗೆ ಬೇಗ ಮುಗಿಸಿ ಹೊರಟರೆ

ಮೇ 21

ಪೆನ್ನು ಒಣಗಿತ್ತು. ಬೇರೆ ತಂದೆ.

ಬಟಾಣಿ ಇಲ್ಲ.

ಈ ವಾಕ್ಯ ಬರೆಯಬೇಕಾಗುತ್ತದೆ ಎಂದೇ ಈ ಪುಸ್ತಕ ತೆರೆದಿರಲಿಲ್ಲ. ಬರೆದೆ. ಎರಡು ಪದ. ತಿದ್ದಲು ಏನೂ ಇಲ್ಲ.

ಮೇ 26

ಅಕ್ಕ ಲ್ಯಾಬಿಗೆ ಹೋಗಲು ಶುರುಮಾಡಿದ್ದಾಳೆ. ಮನೆಯಲ್ಲಿ ಮೇಜಿನ ಹತ್ತಿರ ಬರುವುದಿಲ್ಲ. ಅವಳ ಕುರ್ಚಿ ಗೋಡೆಗೆ ಮುಖ ಮಾಡಿ ನಿಂತಿದೆ. ಯಾರು ತಿರುಗಿಸಿದರೋ.

ಆರ್ಡರ್ ಬರುತ್ತಲೇ ಇವೆ. ಜನಕ್ಕೆ ಏನು ಗೊತ್ತು. ನಾನೊಬ್ಬಳೇ ಹೆಣೆಯುತ್ತೇನೆ.

ಅಕ್ಕನ ಕೈ ಮಾತು ಕೇಳುತ್ತಿಲ್ಲ. ಚಹಾಕ್ಕೆ ಉಪ್ಪು ಹಾಕಿದಳು. ಭಾವ ಲೋಟ ಪೂರ್ತಿ ಖಾಲಿ ಮಾಡಿದರು. ಅವಳು ಲ್ಯಾಬಿಗೆ ಹೋದ ಮೇಲೆ ನಾನು ಎರಡೂ ಡಬ್ಬಿಗಳಿಗೆ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿದೆ. ಕರೆಂಟ್ ಬಿಲ್ಲಿನ ಚೆಕ್ಕಿನಲ್ಲಿ ಫೆಬ್ರವರಿ ಎಂದು ಬರೆದಿದ್ದಳು. ಬೇರೆ ಚೆಕ್ ಬರೆದು ಸಹಿಗೆ ಮಾತ್ರ ಮುಂದಿಟ್ಟೆ. ಅವಳಿಗೆ ತಿಳಿಯದಂತೆ ಅವಳ ಹಿಂದೆ ಹಿಂದೆಯೇ ತಿದ್ದುತ್ತಾ ಹೋಗುತ್ತೇನೆ. ನನ್ನ ಕೈಲಾಗುವುದು ಅದೊಂದೇ. ಸಮಾಧಾನದ ಮಾತು ನನಗೆ ಬರುವುದಿಲ್ಲ.

ಭಾವನೂ ಅದನ್ನೇ ಮಾಡುತ್ತಿದ್ದಾರೆ. ಮೊದಲು ಸ್ಟ್ಯಾಂಡಿನಿಂದ ಪುಟ್ಟ ಬೂಟು ಹೋಯಿತು. ಆಮೇಲೆ ಬಚ್ಚಲಿನ ಪುಟ್ಟ ಬ್ರಷ್ಷು. ಇಂದು ನೋಡಿದರೆ ಗೋಡೆಯಲ್ಲಿ ಅವಳ ಎತ್ತರ ಗುರುತು ಹಾಕಿದ್ದ ಗೆರೆಗಳ ಮೇಲೆ ಕ್ಯಾಲೆಂಡರ್ ತೂಗುತ್ತಿದೆ. ಅವರು ಮನೆಯನ್ನು ತಿದ್ದುತ್ತಿದ್ದಾರೆ, ನಾನು ಅಕ್ಕನನ್ನು.

ಕೊರಿಯರ್‌ನವನು ಬಂದಿದ್ದ. ಹಾಳೆಯನ್ನು ಮೇಜಿನ ಕೆಳಗೆ ಹಿಡಿಯಲು ಬಗ್ಗಿ, ಬಾಸ್ ಎಲ್ಲಿ ಎಂದ. ನಾನು ಹಾಳೆ ತೆಗೆದುಕೊಂಡು ಸಹಿ ಹಾಕಿದೆ. ಅವನು ನನ್ನ ಮುಖ ನೋಡಿದ. ಪೊಟ್ಟಣದಲ್ಲಿ ಏನಿದೆ ಎಂದು ಕೇಳಲಿಲ್ಲ.

ಅಕ್ಕಿ ಡಬ್ಬಿಯಲ್ಲಿ ಒಂದು ಹಸಿರು ಮಣಿ ಸಿಕ್ಕಿತು. ನನ್ನ ಹಳೆಯ ಕನ್ನಡಕದ ಪೆಟ್ಟಿಗೆಯಲ್ಲಿ ಎತ್ತಿಟ್ಟೆ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇನ್ನೊಂದು. ಅದೂ ಅಲ್ಲಿಗೇ.

ಜೂನ್ 3

ತಿಂಡಿ ತಿನ್ನುತ್ತಾ ಭಾವ ಹೇಳಿದರು. ಬೇರೆ ಊರಿನ ಶಾಖೆಗೆ ಹೋಗುವಿರಾ ಎಂದು ಆಫೀಸಿನಲ್ಲಿ ಹಿಂದೆಯೇ ಕೇಳಿದ್ದರಂತೆ. ಇಲ್ಲಿನ ಆಸ್ಪತ್ರೆ ಬಿಟ್ಟು ಹೋಗುವ ಹಾಗಿರಲಿಲ್ಲ, ಬೇಡವೆಂದಿದ್ದರಂತೆ. ಈಗ ಒಪ್ಪಿಕೊಂಡಿದ್ದಾರೆ. ತಿಂಗಳ ಕೊನೆಗೆ ಹೊರಡಬೇಕು. ಅಕ್ಕ ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯ ಪಕ್ಕಕ್ಕೆ ಇಟ್ಟಳು. ಬಟಾಣಿಗೆ ಅಂಚು ಸೇರುತ್ತಿರಲಿಲ್ಲ.

ಸಂಜೆ ಅವಳು ಲ್ಯಾಬಿನಿಂದ ಬರುವ ಮೊದಲು ಯಾರೋ ಬಂದು ಪುಟ್ಟ ಮಂಚ ಎತ್ತಿಕೊಂಡು ಹೋದರು. ಭಾವ ಕೊಟ್ಟುಬಿಟ್ಟಿದ್ದಾರೆ. ಅಕ್ಕ ಬಂದು ಖಾಲಿ ಜಾಗ ನೋಡಿದಳು. ಪೊರಕೆ ತಂದು ಅಲ್ಲಿ ಗುಡಿಸಿದಳು.

ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿದವಳು ಅಕ್ಕ. ಶಾಲೆಯಲ್ಲಿ ನನ್ನ ಪರವಾಗಿ ಮಾತಾಡಿದವಳು ಅವಳು. ಮಾತಾಡಬೇಕಾಗಿಲ್ಲದ ಕೆಲಸ ಬೇಕು ಎಂದಾಗ ಈ ಮೇಜು, ಈ ಅಂಗಡಿ ಹುಟ್ಟಿಸಿದವಳೂ ಅವಳೇ. ಅವಳು ಹೋದರೆ ಇಲ್ಲಿ ನಾನು, ನಾಲ್ಕು ಡಬ್ಬಿ ಮಣಿ.

ಒಂದೇ ಒಂದು ಸಲ ಅವಳು ಬಂದು ಆ ಕುರ್ಚಿ ತಿರುಗಿಸಿಕೊಂಡು ಕೂತರೆ ಹೋಗಲಾರಳು ಎಂದು ನನ್ನ ಲೆಕ್ಕ. ಮೂರ್ಖ ಲೆಕ್ಕ. ಇರಲಿ.

ಜೂನ್ 10

ಬಂದಳು!

ಕೂರಲಿಲ್ಲ. ಲ್ಯಾಬಿಗೆ ಹೊರಡುವ ಮೊದಲು ಮೇಜಿನ ಹತ್ತಿರ ಬಂದು ಆರ್ಡರ್‌ಗಳ ಕ್ಲಿಪ್ಪಿಗೆ ಒಂದು ಹಾಳೆ ಸಿಕ್ಕಿಸಿದಳು. ಒಂದು ಏಣಿಯ ಆರ್ಡರ್. ಯಾರದು ಎಂದೆ. ಒಬ್ಬರಿಗೆ ಬೇಕು ಎಂದಳು. ಗಿಫ್ಟಾ ಎಂದೆ. ಅಲ್ಲ, ಮನೇಲಿ ಇಟ್ಕೊಳ್ಳೋಕೆ ಎಂದಳು. ಚಪ್ಪಲಿ ಹಾಕಿಕೊಂಡ ಮೇಲೆ ಬಾಗಿಲಲ್ಲಿ ತಿರುಗಿ, "ಚೆನ್ನಾಗಿ ಮಾಡು. ಒಳ್ಳೇ ಮಣಿ ಹಾಕು" ಎಂದಳು.

ಹಾಳೆಯ ತಲೆಯಲ್ಲಿ ಯಾವುದೋ ಜೀನ್‌ನ ಹೆಸರು, ನಾಲ್ಕಾರು ಇಂಗ್ಲಿಷ್ ಅಕ್ಷರ. ನಾನು ಈವರೆಗೆ ಹೆಣೆಯದ್ದು. ಕೆಳಗೆ ಸಾಲಾಗಿ ಬಣ್ಣದ ಚುಕ್ಕೆಗಳು. ಮೇಣದ ಬಳಪದಲ್ಲಿ ಹಾಕಿದ್ದಾಳೆ. ಪೆನ್ನು ಕೈಗೆ ಸಿಕ್ಕಿರಲಿಕ್ಕಿಲ್ಲ.

ಎಷ್ಟೋ ದಿನಗಳ ಮೇಲೆ ಊಟ ರುಚಿಸಿತು.

ಜೂನ್ 12

ತಾಳೆ ನೋಡಿದೆ. ಒಂದು ಚುಕ್ಕೆ ತಪ್ಪಿದೆ.

ನಡುಮಧ್ಯದಲ್ಲಿ, ಹಸಿರು ಇರಬೇಕಾದ ಕಡೆ ನೀಲಿ. ಉಳಿದದ್ದೆಲ್ಲ ಮೂಲಕ್ಕೆ ಸರಿಯಾಗಿ ಕೂಡುತ್ತದೆ. ಎರಡೆರಡು ಸಲ ನೋಡಿದೆ. ಮೇಣದ ಬಳಪ ಹಳತಾದರೆ ನೀಲಿ, ಹಸಿರು ಎರಡೂ ಒಂದೇ ಥರ ಕಾಣುತ್ತವೆ. ಅದೂ ಈಗಿನ ಅವಳ ಕಣ್ಣಿಗೆ.

ಕೇಳಬೇಕೆಂದು ಎದ್ದೆ. ಅವಳು ಹಜಾರದಲ್ಲಿ ಬಟ್ಟೆ ಮಡಿಸುತ್ತಿದ್ದಳು. ಅವಳ ಕೈ ಒಂದು ಟವೆಲನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸುತ್ತಿತ್ತು. ಹಿಂದಿನ ಅಕ್ಕ ಇಂಥ ತಪ್ಪು ಮಾಡುವವಳೇ ಅಲ್ಲ. ಮಾಡಿದ್ದೀಯ ಎಂದು ಹೇಳಿದರೆ ಆರ್ಡರ್ ವಾಪಸ್ಸು ತೆಗೆದುಕೊಂಡುಬಿಟ್ಟಾಳು ಎಂದು ಭಯವಾಯಿತು. ಕುಗ್ಗಿಬಿಟ್ಟಾಳು. ಹಾಗೇ ತಿರುಗಿ ಬಂದೆ. ಚೆಕ್ ತಿದ್ದಿದ ಹಾಗೆ ಇದನ್ನೂ ತಿದ್ದಿದರಾಯಿತು. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಸಣ್ಣಗೆ ಗುರುತು ಮಾಡಿಕೊಂಡೆ. ನೀಲಿಯ ಜಾಗದಲ್ಲಿ ಹಸಿರು, ಅದರ ಎದುರಿಗೆ ಹಳದಿ.

ಜೂನ್ 16

ನಾನು ಹೆಣೆದದ್ದರಲ್ಲೆಲ್ಲ ಇದೇ ಚೆಂದ. ಮಣಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಆರಿಸಿದೆ. ಗುಳ್ಳೆ ಇದ್ದದ್ದು, ಅಂಚು ಒಡೆದದ್ದು ಪಕ್ಕಕ್ಕೆ. ಪ್ರತಿ ಮೆಟ್ಟಿಲಿಗೂ ಎರಡು ತಂತಿ ಆಚೆಯಿಂದೀಚೆಗೆ, ಈಚೆಯಿಂದಾಚೆಗೆ ದಾಟಬೇಕು, ಎಳೆತ ಒಂದೇ ಸಮ ಇರಬೇಕು. ಒಂದು ಕಡೆ ಬಿಗಿಯಾದರೆ ಇಡೀ ಏಣಿ ಸೊಟ್ಟ. ಎಲ್ಲೂ ಸೊಟ್ಟವಿಲ್ಲ. ತಿರುಚಿದಾಗ ನೀರಿನ ಹಾಗೆ ತಿರುಗಿ ನಿಂತಿತು.

ಈ ಬಾರಿ ಹಸಿರು ಕಡಿಮೆ ಬರಲಿಲ್ಲ. ಎಣಿಸಿದಷ್ಟೂ ಇತ್ತು.

ನಾಳೆ ಅಕ್ಕ ಬರುವ ಮೊದಲು ಅವಳ ಕುರ್ಚಿಯನ್ನು ಈಚೆಗೆ ತಿರುಗಿಸಿ ಇಡುತ್ತೇನೆ.

ಜೂನ್ 17

ಸಂಜೆ ಕೊಟ್ಟೆ. ಪೆಟ್ಟಿಗೆ ನೋಡಿದ ಕೂಡಲೆ ಅಕ್ಕ ಕೈ ತೊಳೆದುಕೊಂಡು ಬಂದಳು. ಲ್ಯಾಬಿನಲ್ಲಿ ತೊಳೆಯುವ ಹಾಗೆ, ಮೊಣಕೈವರೆಗೆ. ಒರೆಸಿಕೊಂಡು ಬಂದು ಕೂತಳು. ತನ್ನ ಕುರ್ಚಿಯಲ್ಲೇ ಕೂತಳು. ಬದುಕಿದೆ ಎಂದುಕೊಂಡೆ.

ಏಣಿಯನ್ನು ಅಂಗೈಯ ಮೇಲೆ ಮಲಗಿಸಿಕೊಂಡಳು. ಹಾಳೆ ಕೇಳಲಿಲ್ಲ. ಬೆರಳು ಒಂದೊಂದೇ ಮೆಟ್ಟಿಲು ಹತ್ತಿತು, ತುಟಿ ಜೊತೆಗೇ ಅಲುಗುತ್ತಿತ್ತು. ಅರ್ಧದಲ್ಲಿ ಬೆರಳು ನಿಂತಿತು. ಮತ್ತೆ ಮೊದಲಿಂದ ಶುರುಮಾಡಿದಳು. ಮತ್ತೆ ಅಲ್ಲೇ ನಿಂತಿತು.

"ಇಲ್ಲಿ ಹಸಿರಿದೆ."

ನಾನು... ನನಗೆ ಹೆಮ್ಮೆ. ದೇವರೇ, ಹೆಮ್ಮೆಯಿಂದ ಹೇಳಿದೆ. ಹಾಳೆಯಲ್ಲಿ ನೀಲಿ ಬಿದ್ದಿತ್ತು ಅಕ್ಕಾ, ತಾಳೆ ನೋಡಿದಾಗ ಸಿಕ್ಕಿತು, ಸರಿ ಮಾಡಿದೆ ಎಂದು.

ಅವಳು ತಲೆ ಎತ್ತಲಿಲ್ಲ.

"ತಪ್ಪಾಗಿರ್ಲಿಲ್ಲ ಕಣೇ. ಒಂದು ಹಸಿರು ಕಡಿಮೆ ಇರ್ಬೇಕಿತ್ತು."

ನನಗೆ ಇನ್ನೂ ಅರ್ಥವಾಗಲಿಲ್ಲ. ಯಾರ ಆರ್ಡರ್ ಎಂದೇ ಇನ್ನೂ ಯೋಚಿಸುತ್ತಿದ್ದೆ.

"ಇದು ಎಲ್ಲರದ್ದು. ಬಟಾಣೀದಲ್ಲ."

ಬೈಗುಳವೂ ಅಲ್ಲದ ದನಿಯಲ್ಲಿ, "ನೀನೂ ತಿದ್ದಿಬಿಟ್ಟೆ" ಎಂದಳು.

ಏಣಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕಿದಳು. ಎದ್ದಳು. ಕುರ್ಚಿಯನ್ನು ಗೋಡೆಗೆ ತಿರುಗಿಸಿದಳು. ತಿರುಗಿಸುತ್ತಿದ್ದವಳು ಅವಳೇ. ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಬಳಪ. ಬಟಾಣಿಯ ಬಳಪ. ಅದೊಂದು ಭಾವನ ಕಣ್ಣಿಗೆ ಬಿದ್ದಿಲ್ಲ. ಅಕ್ಕ ಬಚ್ಚಿಟ್ಟುಕೊಂಡಿದ್ದಾಳೆ.

ಜೂನ್ 18

ಬರೆಯಲು ಕೂತೆ.

ಜೂನ್ 20

ಭಾವ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಒಣಗಿದ ಬಟ್ಟೆ ಹೊತ್ತು ಇಳಿಯುತ್ತಿದ್ದೆ. ಕೂತ್ಕೋ ಎಂದರು. ಮಡಿಲಲ್ಲಿ ಬೀರುವಿನ ಮೇಲಿನ ಫೈಲು.

ಅದರಲ್ಲಿ ಒಂದು ಪುಟ ತೋರಿಸಿದರು. ಜೀನ್‌ನ ಹೆಸರು ಕಂಡಿತು. ನಾನು ತಾಳೆ ನೋಡಿದ ಅದೇ ಹೆಸರು. ಆ ಜೀನ್‌ನ ಸಾವಿರಾರು ಮಣಿಗಳಲ್ಲಿ ಒಂದು ಜಾಗದಲ್ಲಿ ಒಂದು ಬೇರೆ. ಅಷ್ಟರಿಂದ ಕಿಣ್ವ ಇಲ್ಲ, ಕಿಣ್ವ ಇಲ್ಲದೆ ಅವಳಿಲ್ಲ. ನಾನು ಒಮ್ಮೆಯಾದರೂ ಬೀರುವಿನ ಮೇಲೆ ಕೈ ಹಾಕಿದ್ದರೆ ಆ ಹೆಸರು ಗುರುತು ಸಿಗುತ್ತಿತ್ತು.

ಅದು ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಬಂದರೆ ಮಾತ್ರ ಕಾಯಿಲೆಯಂತೆ. ಒಂದೇ ಇದ್ದರೆ ಏನೂ ಆಗುವುದಿಲ್ಲ. ಇದೆ ಎಂದೂ ತಿಳಿಯುವುದಿಲ್ಲ. "ನಾನೊಂದು ಕೊಟ್ಟೆ, ಅವಳೊಂದು ಕೊಟ್ಲು. ಗೊತ್ತಿಲ್ಲದೇ ಕೊಟ್ವಿ" ಎಂದರು ಭಾವ. ಅವರ ದನಿ ನನ್ನದಕ್ಕಿಂತ ಮೆಲ್ಲಗಿತ್ತು.

ಬಟ್ಟೆಗಳನ್ನು ಮಡಿಸುತ್ತಾ ಕೂತೆ. ಕೈಗೆ ಏನಾದರೂ ಬೇಕಿತ್ತು. ಆಮೇಲೆ ಅವರೇ ಹೇಳಿದರು. ಬೂಟು, ಬ್ರಷ್ಷು, ಮಂಚ, ಎಲ್ಲ ಅವಳ ಕಣ್ಣಿಗೆ ಬೀಳದಿದ್ದರೆ ಒಳ್ಳೆಯದು ಎಂದು ತೆಗೆದರಂತೆ. ಅವಳು ಒಂದಕ್ಕೂ ಜಗಳವಾಡಲಿಲ್ಲವಂತೆ. ಜಗಳವಾಡಿದ್ದರೆ ಚೆನ್ನಾಗಿತ್ತು ಎಂದರು.

"ಅವಳು ನನ್ನ ಹತ್ರ ಏನೂ ಕೇಳ್ಲಿಲ್ಲ ಪುಟ್ಟಿ. ನಿನ್ನ ಹತ್ರ ಮಾತ್ರ ಕೇಳಿದ್ಲು."

ಇದನ್ನು ಅವರು ಆರೋಪದಂತೆ ಹೇಳಲಿಲ್ಲ. ಅದಕ್ಕೇ ತಾಳಲಾಗಲಿಲ್ಲ.

ಜೂನ್ 22

ಡಾಕ್ಟರುಗಳೆಲ್ಲ ಆ ಒಂದು ಜಾಗವನ್ನು ಸರಿಮಾಡಲು ಆಗುವುದಿಲ್ಲ ಎಂದು ಕೈ ಚೆಲ್ಲಿದರು. ಅಕ್ಕನೇ ರಾತ್ರಿ ಹಗಲು ಓದಿದ್ದಳು, ಎಲ್ಲೆಲ್ಲಿಗೋ ಬರೆದು ಕೇಳಿದ್ದಳು. ಯಾರಿಂದಲೂ ಆಗಲಿಲ್ಲ. ನಾನು ಒಂದು ಮಧ್ಯಾಹ್ನ, ಚೂಪು ಇಕ್ಕಳದಲ್ಲಿ, ಸರಿಮಾಡಿ ಅವಳ ಕೈಗೆ ಇಟ್ಟೆ.

ಜೂನ್ 24

ಕ್ಷಮಿಸು ಎನ್ನಬೇಕು. ವಾಕ್ಯ ಸಿದ್ಧವಿದೆ, ನಾಲ್ಕು ದಿನದಿಂದ ತಿದ್ದಿ ತಿದ್ದಿ. ಬಾಯಿ ಬರಲಿಲ್ಲ. ಕೊನೆಗೆ ಹೊಸ ತಂತಿ ಎರಡು ಕತ್ತರಿಸಿ ಮೇಜಿನ ಮೇಲೆ ಇಟ್ಟೆ. ಹಳೆಯ ಏಣಿಯನ್ನು ಬಿಚ್ಚಿ ಕಟ್ಟಲಾಗದು, ಒಮ್ಮೆ ಮಡಿದ ತಂತಿ ಮತ್ತೆ ಎಳೆದರೆ ಮುರಿಯುತ್ತದೆ. ಹೊಸದಾಗಿಯೇ ಹೆಣೆಯಬೇಕು. ನಾಲ್ಕು ತಟ್ಟೆಗೆ ನಾಲ್ಕು ಬಣ್ಣ ಸುರಿದೆ. ಅವಳ ಹಾಳೆಯಲ್ಲಿ ನನ್ನ ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಅಳಿಸಿದೆ. ಕೂತು ಕಾದೆ.

ಅಕ್ಕ ಬಂದಳು. ಕುರ್ಚಿ ತಿರುಗಿಸಿಕೊಂಡು ಎದುರಿಗೆ ಕೂತಳು. ಹಾಳೆಯನ್ನು ಮುಂದಕ್ಕೆ ಸರಿಸಿದೆ. ಬೇಡ ಎಂದು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು.

ನಾನು ಕನ್ನಡಕದ ಪೆಟ್ಟಿಗೆ ತೆರೆದು, ಹಸಿರಿಗೆ ಇವನ್ನೇ ಹಾಕೋಣವೇ ಎಂದೆ. ಅವಳು ನೋಡಿದಳು. ಯಾವುದು ಎಲ್ಲಿ ಸಿಕ್ಕಿತು ಎಂದು ಒಂದೊಂದಾಗಿ ಕೇಳಿದಳು. ಅಕ್ಕಿ ಡಬ್ಬಿ. ಹೊಲಿಗೆ ಯಂತ್ರ. ಕೊಡೆಯ ಮಡಿಕೆ.

"ಅವು ಅವಳು ಕದ್ದಿದ್ದು. ಎತ್ತಿಡಬಾರದಿತ್ತು ಕಣೇ, ಇಟ್ಟ ಕಡೇನೇ ಬಿಡ್ಬೇಕಿತ್ತು." ಆಮೇಲೆ, "ತಟ್ಟೆಯಿಂದಾನೇ ಹಾಕು. ಬೇರೇವ್ರದ್ದಕ್ಕೆ ಹಾಕೋ ಅಂಥದ್ದೇ" ಎಂದಳು.

ಕಣ್ಣು ಮುಚ್ಚಿಕೊಂಡು ಹೇಳತೊಡಗಿದಳು. ಕೆಂಪು. ಹಳದಿ. ಹಳದಿ. ನೀಲಿ. ನಾನು ಪೋಣಿಸಿದೆ, ಎದುರಿನದನ್ನು ಜೋಡಿಸಿದೆ, ತಂತಿ ದಾಟಿಸಿದೆ. ನಾನು ಎಳೆದು ಮುಗಿಸುವವರೆಗೆ ಅವಳು ಕಾಯುತ್ತಾಳೆ, ಮುಂದಿನದು ಹೇಳುತ್ತಾಳೆ. ಪರೀಕ್ಷೆಗೆಂದು ನಾನು ಎಷ್ಟು ಪದ್ಯ ಬಾಯಿಪಾಠ ಮಾಡಿದ್ದೇನೆ. ಒಂದನ್ನೂ ಹೀಗೆ ಹೇಳಿಲ್ಲ.

ಅರ್ಧಕ್ಕೆ ಬಂದೆವು. ನನಗೆ ಜಾಗ ಗೊತ್ತಿತ್ತು. ನನ್ನ ಬೆರಳು ತಾನಾಗಿಯೇ ಹಸಿರಿನ ತಟ್ಟೆಯ ಮೇಲೆ ಹೋಗಿ ನಿಂತಿತ್ತು. ಅಭ್ಯಾಸ. ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದ ಸದ್ದು.

"ನೀಲಿ" ಎಂದಳು. ಹೊರಗೆ ಆಡುತ್ತಿರುವ ಮಗುವನ್ನು ಒಳಗೆ ಕರೆಯುವಾಗ ಬರುವ ದನಿ ಅದು.

ನೀಲಿ ಹಾಕಿದೆ. ಎದುರಿಗೆ ಕೆಂಪು. ಎಳೆದೆ. ಎಷ್ಟು ಸುಲಭವಾಗಿ ಕೂತಿತು. ಅಕ್ಕಪಕ್ಕದವಕ್ಕೂ ಅದಕ್ಕೂ ಒಂದು ಕೂದಲೆಳೆಯ ವ್ಯತ್ಯಾಸ ಕಾಣಲಿಲ್ಲ. ಗೊತ್ತಿಲ್ಲದವರಿಗೆ ಎಂದಿಗೂ ಕಾಣುವುದಿಲ್ಲ.

ಕೊನೆಯವರೆಗೂ ಹೇಳಿದಳು. ತಿರುಚುವಾಗ ಕೊಡು ಎಂದು ಕೈ ಚಾಚಿದಳು. ಅವಳೇ ತಿರುಚಿದಳು.

ಹೋಗಬೇಡ ಎಂದೆ. ಹೇಗೋ ಬಾಯಿ ಬಂತು. ಬರಬಾರದ ಹೊತ್ತಿಗೆ ಬಂತು.

"ಇಲ್ಲಿದ್ರೆ ದಿನಾ ಬಗ್ಗಿ ಮೇಜಿನ ಕೆಳಗೆ ನೋಡ್ತೀನಿ" ಎಂದಳು. "ಇವತ್ತೂ ನೋಡ್ದೆ. ಕೂರೋ ಮುಂಚೆ."

ಜೂನ್ 30

ಲಾರಿ ಬೆಳಿಗ್ಗೆಯೇ ಹೋಯಿತು. ಅವರಿಬ್ಬರು ಮಧ್ಯಾಹ್ನದ ಬಸ್ಸಿಗೆ. ಏಣಿಯನ್ನು ಅಕ್ಕ ಬ್ಯಾಗಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದಿದ್ದಳು, ಕರವಸ್ತ್ರದಲ್ಲಿ ಸುತ್ತಿ. ಭಾವ ಕ್ಯಾಲೆಂಡರ್ ತೆಗೆದರು. ಗೋಡೆಯ ಗೆರೆಗಳನ್ನು ನೋಡುತ್ತಾ ನಿಂತರು. ಫೋಟೋ ತೆಗೆದುಕೊಳ್ಳುತ್ತಾರೆ ಎಂದುಕೊಂಡೆ. ಬೆರಳಿನಿಂದ ಮೇಲಿನ ಗೆರೆಯನ್ನು ಮುಟ್ಟಿ, ಬಸ್ಸಿಗೆ ಹೊತ್ತಾಯಿತು ಎಂದರು.

ನನ್ನನ್ನೂ ಕರೆದರು. ಅಂಗಡಿ ಇದೆ ಎಂದೆ. ಅಂಗಡಿಯೇ ಕಾರಣವೋ ಏನೋ ನನಗೂ ಗೊತ್ತಿಲ್ಲ.

ನಾನು ತಿದ್ದಿದ ಮೊದಲ ಏಣಿಯನ್ನು ಅಕ್ಕ ನನಗೇ ಬಿಟ್ಟಿದ್ದಾಳೆ. "ಅದು ನಿಂದಿರ್ಬಹುದು, ಇಲ್ದೇನೂ ಇರ್ಬಹುದು. ಪರೀಕ್ಷೆ ಮಾಡಿಸ್ಕೋ" ಎಂದಳು. ಅವಳಲ್ಲಿ ಇದ್ದದ್ದು ನನ್ನಲ್ಲೂ ಇರಬಹುದಂತೆ. ಅಪ್ಪನಿಂದಲೋ ಅಮ್ಮನಿಂದಲೋ ನಮ್ಮಿಬ್ಬರಿಗೂ ಹಂಚಿ ಬಂದಿರಬಹುದು, ಆ ನೀಲಿ. ಮಾಡಿಸುತ್ತೇನೆ ಎಂದೆ. ಅದು ನನ್ನಲ್ಲೂ ಇರಲಿ ಎಂದೇ ಮನಸ್ಸು ಬೇಡುತ್ತಿದೆ. ಇದನ್ನು ಅಕ್ಕನಿಗೆ ಹೇಳಲಿಲ್ಲ.

ಬಸ್ಸು ಹತ್ತುವ ಮೊದಲು ನನ್ನ ಜಡೆಯನ್ನು ಮುಂದಕ್ಕೆ ಎಳೆದು ತುದಿಯ ಬ್ಯಾಂಡು ಬಿಗಿ ಮಾಡಿದಳು. "ಉಪ್ಪಿನ ಡಬ್ಬಿ ಮೇಲಿನ ಚೀಟಿ ನೋಡಿದ್ದೆ ಕಣೇ ಕೆಂಪು ಪೆನ್ನು. ಮೊದಲನೇ ದಿನಾನೇ."

ಜುಲೈ 2

ಮನೆ ಗುಡಿಸಿದೆ. ಪುಟ್ಟ ಮಂಚವಿದ್ದ ಕೋಣೆಯ ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ. ಮರ ಉಬ್ಬಿದೆ ಎಂದೇ ಭಾವ ಹೇಳುತ್ತಿದ್ದರು. ಇಂದು ಬಗ್ಗಿ ನೋಡಿದರೆ ಕೆಳಗಿನ ಚೌಕಟ್ಟಿನ ಸಂದಿನಲ್ಲಿ ಒಂದು ಹಸಿರು ಮಣಿ ಕಚ್ಚಿಕೊಂಡಿದೆ. ಇಕ್ಕಳ ತಂದೆ. ಇಕ್ಕಳ ವಾಪಸ್ಸು ಇಟ್ಟೆ. ಒಂದು ಮಣಿಯಷ್ಟು ಗಾಳಿ ಬರುತ್ತದೆ, ಅಷ್ಟೇ.

ಒಂದು ಏಣಿಯ ಆರ್ಡರ್ ಇತ್ತು. ಯಾವುದೋ ಕಾಲೇಜಿನವರದು. ತಾಳೆ ನೋಡಿದೆ, ಸರಿಯಿತ್ತು. ಮಣಿ ಎಣಿಸಿ ತಟ್ಟೆಗೆ ಹಾಕಿದೆ. ಮಧ್ಯಾಹ್ನಕ್ಕೆ ಮುಗಿಯಿತು. ಕೆಂಪು, ನೀಲಿ, ಹಳದಿ, ಹಸಿರು, ನಾಲ್ಕೂ ತಟ್ಟೆ ಖಾಲಿ. ಒಂದೂ ಕಡಿಮೆ ಬರಲಿಲ್ಲ. ಆದರೂ ಬಗ್ಗಿ ಮೇಜಿನ ಕೆಳಗೆ ನೋಡಿದೆ.